ಅಕ್ಷರ ನಿಂತ ಜಾಗದ ರಾಜಕಾರಣ

ಪ್ರಶ್ನೆ: ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಈಚೆಗೆ ಒಂದು ಕಲಾಪ್ರದರ್ಶನದಲ್ಲಿ ಕ್ಯಾನ್ವಾಸಿನ ತುಂಬ ಬರೀ ಪದಗಳೇ ಇದ್ದ ಕೃತಿಗಳನ್ನು ನೋಡಿದೆ. ಅವುಗಳನ್ನು ‘ರಾಜಕೀಯ ಕಾವ್ಯ’ ಎಂದು ಪರಿಚಯಿಸಲಾಗಿತ್ತು. ತಾವರೆ, ಚಕ್ರಗಳ ಆಕಾರದಲ್ಲಿ ಪದ್ಯದ ಅಕ್ಷರಗಳನ್ನು ಹೊಂದಿಸುವ ಪದ್ಮಬಂಧ, ಚಕ್ರಬಂಧಗಳನ್ನು ಅಕ್ಷರಗಳ ಕಸರತ್ತು ಎಂದು ಬದಿಗಿಡಲು ಕಲಿತ ನನಗೆ, ಪದಗಳನ್ನು ಚಿತ್ರದಂತೆ ಜೋಡಿಸಿದ ಮಾತ್ರಕ್ಕೆ ರಾಜಕೀಯ ಎಲ್ಲಿಂದ ಬರುತ್ತದೆ ಎಂಬುದು ತಿಳಿಯಲಿಲ್ಲ. ಗೋಡೆಬರಹಕ್ಕೂ ಇದಕ್ಕೂ ಏನು ವ್ಯತ್ಯಾಸ? ಮ್ಯೂಸಿಯಂ ಸೇರಿದ ಮೇಲೂ ಅದರ ಕಾವು ಉಳಿಯುತ್ತದೆಯೇ?

ಉತ್ತರ: ಮೊದಲು ಹೆಸರಿನ ಒಂದು ತೊಡಕನ್ನು ಬಿಡಿಸಿಕೊಳ್ಳೋಣ. ಇಂಥ ಬರಹವನ್ನು ‘ದೃಶ್ಯಕಾವ್ಯ’ ಎಂದು ಕರೆಯುವ ಮನಸ್ಸಾಗುತ್ತದೆ. ಆದರೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಆ ಮಾತು ನಾಟಕಕ್ಕೆ ಸಂದಿದೆ. ಹಾಗಾಗಿ ಇಲ್ಲಿ ‘ಚಿತ್ರಕವಿತೆ’ ಎಂಬ ಮಾತನ್ನು ಬಳಸುತ್ತೇನೆ. ನೀವು ನೆನೆದಿರುವ ಬಂಧಗಳು ಹಳೆಯ ‘ಚಿತ್ರಕಾವ್ಯ’ದ ಬಗೆಗಳು. ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನ ಚಿತ್ರಕಾವ್ಯವನ್ನು ನಿಜವಾದ ಕಾವ್ಯವೆಂದು ಒಪ್ಪದೆ ಕಾವ್ಯದ ಅನುಕರಣೆ ಎಂದು ಕರೆದ. ಅವನ ನಂತರದ ಮೀಮಾಂಸಕ ಮಮ್ಮಟ ಅದಕ್ಕೆ ಕಾವ್ಯಶ್ರೇಣಿಯ ಕೊನೆಯ ಮೆಟ್ಟಿಲನ್ನು ಕೊಟ್ಟ. ಅದರಲ್ಲಿ ಧ್ವನಿಗೆ, ಅಂದರೆ ಮಾತಿನ ಹಿಂದೆ ಹೊಳೆಯುವ ಸೂಚಿತ ಅರ್ಥಕ್ಕೆ, ಪ್ರಾಧಾನ್ಯವಿಲ್ಲ ಎಂಬುದೇ ಕಾರಣ. ನೀವು ಕಲಿತದ್ದು ಈ ತೀರ್ಪನ್ನು, ಮತ್ತು ಅದು ಹಗುರವಾದ ತೀರ್ಪೇನೂ ಅಲ್ಲ. ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಸಂಸ್ಕೃತದಲ್ಲಿ ಚಿತ್ರಬಂಧಗಳು ದಟ್ಟವಾಗಿರುವ ಎರಡು ಪ್ರಸಿದ್ಧ ತಾಣಗಳೆಂದರೆ ಕಿರಾತಾರ್ಜುನೀಯದ 15ನೆಯ ಸರ್ಗ ಮತ್ತು ಶಿಶುಪಾಲವಧದ 19ನೆಯ ಸರ್ಗ. ಎರಡೂ ಯುದ್ಧವರ್ಣನೆಗೆ ಮೀಸಲಾದವು. ಸೇನಾಪತಿ ಸೈನ್ಯವನ್ನು ವ್ಯೂಹವಾಗಿ ನಿಲ್ಲಿಸಿದಂತೆ ಕವಿ ಅಕ್ಷರಗಳನ್ನು ನಿಲ್ಲಿಸುತ್ತಾನೆ. ಶಿಶುಪಾಲವಧದ ಕವಿ ಮಾಘ ತನ್ನ ಚಕ್ರಬಂಧದಲ್ಲಿ ತನ್ನ ಹೆಸರನ್ನೂ ಕಾವ್ಯದ ಹೆಸರನ್ನೂ ಅಡಗಿಸಿಟ್ಟಿದ್ದಾನೆ. ಅಕ್ಷರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಆಗಲೇ ಅಲ್ಲಿತ್ತು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಪುಟದಲ್ಲಿ, ಬೀದಿಯಲ್ಲಿ, ಸರಕಿನ ಮೈಮೇಲೆ, ನೋಟಿನ ಮೇಲೆ ಯಾವ ಅಕ್ಷರ ಎಷ್ಟು ದೊಡ್ಡದಾಗಿ, ಯಾವ ಬಣ್ಣದಲ್ಲಿ, ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ಸರ್ಕಾರವೋ ಕಂಪನಿಯೋ ಮುದ್ರಕರೋ ತೀರ್ಮಾನಿಸಿರುತ್ತಾರೆ, ಮತ್ತು ದಿನನಿತ್ಯದ ಓದಿನಲ್ಲಿ ಆ ತೀರ್ಮಾನ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಅದನ್ನು ಕಣ್ಣಿಗೆ ಕಾಣಿಸಿ, ಅಕ್ಷರದ ಜಾಗವನ್ನು ಮತ್ತೆ ಓದುವವರ ಕೈಗೆ ತರುವ ಕವಿತೆಯನ್ನು ನಾನು ರಾಜಕೀಯ ಚಿತ್ರಕವಿತೆ ಎನ್ನುತ್ತೇನೆ. ಇದನ್ನು ತಾತ್ವಿಕವಾಗಿ ಬೆಳೆಸುವ ಬದಲು, ಈ ಕಲೆ ಅತ್ಯಂತ ತೀವ್ರವಾಗಿ ಬೆಳೆದ ಒಂದು ನಾಡಿನ ಕತೆಯನ್ನೇ ಹೇಳುತ್ತೇನೆ. ಆ ನಾಡು ಬ್ರೆಜಿಲ್.

ಸಾವೊ ಪಾವ್ಲೊ ನಗರದಲ್ಲಿ 1952ರಲ್ಲಿ ಮೂವರು ಯುವಕವಿಗಳು ‘ನೊಯ್ಗಾಂದ್ರೆಸ್’ ಎಂಬ ಹೆಸರಿನ ಗುಂಪು ಕಟ್ಟಿಕೊಂಡರು: ಹರೊಲ್ದೊ ದಿ ಕಾಂಪೊಸ್, ಅವರ ತಮ್ಮ ಅವ್ಗುಸ್ತೊ ದಿ ಕಾಂಪೊಸ್, ಮತ್ತು ಗೆಳೆಯ ದೆಸಿಯೊ ಪಿನ್ಯತಾರಿ. ಅದೇ ವೇಳೆಗೆ ಬೊಲಿವಿಯಾದಲ್ಲಿ ಹುಟ್ಟಿ ಯೂರೋಪಿನಲ್ಲಿ ನೆಲೆಸಿದ್ದ ಆಯ್ಗನ್ ಗೊಮ್ರಿಂಗರ್ ಇಂಥದೇ ಕವಿತೆಗಳನ್ನು ಬರೆಯುತ್ತಿದ್ದರು; 1955ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಪಿನ್ಯತಾರಿ ಅವರನ್ನು ಭೇಟಿಯಾದ ಮೇಲೆ ಎರಡು ಖಂಡಗಳ ಪ್ರಯತ್ನಕ್ಕೂ ‘ಕಾಂಕ್ರೀಟ್ ಕಾವ್ಯ’ ಎಂಬ ಒಂದೇ ಹೆಸರು ನಿಂತಿತು. ಸಿಮೆಂಟಿನ ಕಾಂಕ್ರೀಟಿಗೆ ಇಲ್ಲಿ ನೇರ ಸಂಬಂಧವಿಲ್ಲ. ಪದವನ್ನು ಬೇರೇನನ್ನೋ ತೋರಿಸುವ ಬೆರಳಾಗಿ ಬಳಸದೆ, ಅದರ ನಾದ, ಆಕಾರ, ಅರ್ಥಗಳನ್ನು ಒಟ್ಟಿಗೆ ಒಂದು ಮೂರ್ತ ವಸ್ತುವಾಗಿ ಬಳಸಬೇಕೆಂಬುದು ಅದರ ಇಂಗಿತ. ಆದರೂ ಅದು ಬ್ರೆಜಿಲ್ ತನ್ನ ಹೊಸ ರಾಜಧಾನಿ ಬ್ರೆಸಿಲಿಯಾವನ್ನು ಕಟ್ಟುತ್ತಿದ್ದ ಕಾಲ. ಆ ನಗರದ ನಕ್ಷೆಗೆ ‘ಪೈಲಟ್ ಯೋಜನೆ’ ಎಂಬ ಹೆಸರಿತ್ತು, ಮತ್ತು 1958ರಲ್ಲಿ ಈ ಮೂವರು ಹೊರಡಿಸಿದ ಪ್ರಣಾಳಿಕೆಯೂ ತನ್ನನ್ನು ಕಾಂಕ್ರೀಟ್ ಕಾವ್ಯದ ಪೈಲಟ್ ಯೋಜನೆ ಎಂದೇ ಕರೆದುಕೊಂಡಿತು. ದೇಶವನ್ನು ಹೊಸದಾಗಿ ಕಟ್ಟುವ ಉತ್ಸಾಹ ಕವಿತೆಯ ಪುಟಕ್ಕೂ ಹರಿದಿತ್ತು.

ಪಿನ್ಯತಾರಿ 1957ರಲ್ಲಿ ಬರೆದ ‘ಬೇಬ ಕೋಕ ಕೋಲ’ ಎಂಬ ಕವಿತೆಯನ್ನು ನೋಡಿ. ‘ಕೋಕ ಕೋಲ ಕುಡಿಯಿರಿ’ ಎಂಬ ಜಾಹೀರಾತಿನ ಸಾಲು, ಆ ಕಂಪನಿಯದೇ ಕೆಂಪು ಬಿಳುಪಿನಲ್ಲಿ. ಕವಿ ಹೊರಗಿನಿಂದ ಬಹುಮಟ್ಟಿಗೆ ಏನನ್ನೂ ತರುವುದಿಲ್ಲ. ಜಾಹೀರಾತಿನ ಅಕ್ಷರಗಳನ್ನೇ ಸಾಲಿನಿಂದ ಸಾಲಿಗೆ ಸ್ವಲ್ಪ ಸ್ವಲ್ಪ ಅದಲುಬದಲು ಮಾಡುತ್ತಾನೆ. ‘ಬೇಬ’ದ ಸ್ವರಗಳು ಜಾಗ ಬದಲಿಸಿದಾಗ ಜೊಲ್ಲು ಸುರಿಸು ಎಂಬ ಅರ್ಥ ಬರುತ್ತದೆ, ‘ಕೋಲ’ ಬಿಡಿಯಾಗಿ ನಿಂತಾಗ ಪೋರ್ಚುಗೀಸಿನಲ್ಲಿ ಅಂಟು, ‘ಕೋಕ’ ತಿರುಗಿ ನಿಂತಾಗ ಒಡೆದ ಚೂರು. ಕೊನೆಗೆ ಆ ಪೇಯದ ಹೆಸರಿನ ಅಕ್ಷರಗಳೇ ಕೂಡಿ ‘ಕ್ಲೋಆಕ’, ಅಂದರೆ ಚರಂಡಿ, ಎಂಬ ಪದವಾಗಿ ಪುಟದ ಕೆಳಗೆ ಒಂಟಿಯಾಗಿ ನಿಲ್ಲುತ್ತದೆ. ಕಂಪನಿಯನ್ನು ಬೈಯುವ ಒಂದು ವಾಕ್ಯವೂ ಇದರಲ್ಲಿಲ್ಲ. ‘ಕುಡಿಯಿರಿ’ ಎಂಬ ಆಜ್ಞೆಯೊಳಗೆ ಏನೇನು ಅಡಗಿತ್ತು ಎಂಬುದನ್ನು ಓದುಗ ತನ್ನ ಕಣ್ಣಿನಿಂದಲೇ ಬಿಡಿಸಿ ನೋಡುತ್ತಾನೆ.

ಅವ್ಗುಸ್ತೊ ಅವರ 1965ರ ಕವಿತೆ ಇನ್ನೂ ಚಿಕ್ಕದು, ಮತ್ತು ನನ್ನ ಅಭಿಪ್ರಾಯದಲ್ಲಿ ಇನ್ನೂ ದೊಡ್ಡದು. ಪೋರ್ಚುಗೀಸಿನಲ್ಲಿ ‘ಲುಶೊ’ ಎಂದರೆ ವೈಭೋಗ, ‘ಲಿಶೊ’ ಎಂದರೆ ಕಸ. ಕನ್ನಡದಲ್ಲಿ ಬರೆದರೆ ವ್ಯತ್ಯಾಸ ಒಂದು ಕೊಂಬು ಮತ್ತು ಒಂದು ಗುಡಿಸಿನದು ಮಾತ್ರ. ಜಾಹೀರಾತುಗಳ ಬೆಡಗಿನ, ಬಳ್ಳಿಬಳುಕಿನ ಅಕ್ಷರಗಳಲ್ಲಿ ‘ಲುಶೊ’ ಎಂಬ ಪದವನ್ನು ಮತ್ತೆ ಮತ್ತೆ ಇಟ್ಟಿಗೆಯಂತೆ ಜೋಡಿಸಿ, ಅದರಿಂದ ‘ಲಿಶೊ’ ಎಂಬ ಭಾರಿ ಪದವನ್ನು ಕಟ್ಟಲಾಗಿದೆ. ದೂರ ನಿಂತವರಿಗೆ ಕಸ ಕಾಣುತ್ತದೆ. ಹತ್ತಿರ ಹೋದವರಿಗೆ ವೈಭೋಗ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಓದಲು ನೋಡುಗ ಹಿಂದೆ ಮುಂದೆ ಸರಿಯಬೇಕಾಗುತ್ತದೆ. ಇದಕ್ಕೆ ಐದು ವರ್ಷ ಮೊದಲು, 1960ರಲ್ಲಿ, ಅದೇ ಸಾವೊ ಪಾವ್ಲೊ ನಗರದ ಕೊಳೆಗೇರಿಯೊಂದರಲ್ಲಿ ಕಾಗದ ಆಯ್ದು ಬದುಕುತ್ತಿದ್ದ ಕರೊಲಿನಾ ಮರಿಯಾ ದಿ ಜೆಸುಸ್ ಎಂಬ ಕಪ್ಪು ಮಹಿಳೆ, ಕಸದಲ್ಲಿ ಸಿಕ್ಕ ನೋಟುಪುಸ್ತಕಗಳಲ್ಲಿ ಬರೆದಿಟ್ಟ ದಿನಚರಿ ಪ್ರಕಟವಾಗಿ ದೇಶವನ್ನೇ ಅಲುಗಾಡಿಸಿತ್ತು. ವೈಭೋಗದ ಇಟ್ಟಿಗೆಗಳಿಂದಲೇ ಕಸ ಕಟ್ಟಿಕೊಳ್ಳುತ್ತದೆ ಎಂಬುದು ಆ ನಗರದ ಓದುಗರಿಗೆ ಅಮೂರ್ತ ಮಾತಾಗಿರಲಿಲ್ಲ. ಆನಂದವರ್ಧನನ ಮಾನದಂಡದಿಂದಲೇ ಅಳೆದರೂ ಇಲ್ಲಿ ಧ್ವನಿ ಇದೆ ಎಂದು ನಾನು ವಾದಿಸುತ್ತೇನೆ. ವಾಚ್ಯದಲ್ಲಿ, ಅಂದರೆ ನೇರ ಮಾತಿನಲ್ಲಿ, ಇರುವುದು ಎರಡು ನಾಮಪದಗಳು. ಅವು ಒಂದರೊಳಗೊಂದು ಕುಳಿತ ರೀತಿಯಿಂದ ಹೊಮ್ಮುವುದು, ಯಾರ ವೈಭೋಗ ಯಾರ ಮನೆಬಾಗಿಲಲ್ಲಿ ಕಸವಾಗಿ ಬೀಳುತ್ತದೆ ಎಂಬ ಪ್ರಶ್ನೆ.

ಈ ಗುಂಪಿಗೆ ವಿರೋಧವೂ ಇತ್ತು. ಆರಂಭದಲ್ಲಿ ಇವರೊಡನಿದ್ದ ಕವಿ ಫೆರೇರ ಗುಲ್ಲಾರ್, ಅತಿಯಾದ ಬುದ್ಧಿಲೆಕ್ಕ ಕವಿತೆಯ ಜೀವ ತೆಗೆಯುತ್ತದೆಂದು 1959ರಲ್ಲಿ ಬೇರೆಯೇ ಪ್ರಣಾಳಿಕೆ ಬರೆದರು; ಕೆಲವೇ ವರ್ಷಗಳಲ್ಲಿ ಅದನ್ನೂ ಬಿಟ್ಟು, ಈಶಾನ್ಯ ಬ್ರೆಜಿಲಿನ ಸಂತೆಗಳಲ್ಲಿ ದಾರಕ್ಕೆ ತೂಗುಹಾಕಿ ಮಾರುವ ಜನಪದ ಪದ್ಯಪುಸ್ತಿಕೆಗಳ ಧಾಟಿಯಲ್ಲಿ ರೈತರ ಭೂಮಿಯ ಪ್ರಶ್ನೆಯನ್ನು ಬರೆಯತೊಡಗಿದರು. ಜನರಿಗೆ ತಲುಪದ ಕ್ರಾಂತಿ ಯಾರಿಗೆ ಬೇಕು ಎಂಬುದು ಆ ನಡೆಯ ಹಿಂದಿನ ಪ್ರಶ್ನೆ. ನೊಯ್ಗಾಂದ್ರೆಸ್ ಕವಿಗಳು 1961ರಲ್ಲಿ ತಮ್ಮ ಪ್ರಣಾಳಿಕೆಗೆ ರಷ್ಯದ ಕ್ರಾಂತಿಕಾಲದ ಕವಿ ಮಯಕೋವ್‌ಸ್ಕಿಯ ಒಂದು ಮಾತನ್ನು ಸೇರಿಸಿದರು: ಕ್ರಾಂತಿಕಾರಿ ರೂಪವಿಲ್ಲದೆ ಕ್ರಾಂತಿಕಾರಿ ಕಲೆಯಿಲ್ಲ. ಈ ಜಗಳದಲ್ಲಿ ಯಾರೊಬ್ಬರೂ ಪೂರ್ತಿ ಗೆದ್ದರೆಂದು ನನಗನ್ನಿಸುವುದಿಲ್ಲ. ಗುಲ್ಲಾರ್ ಎತ್ತಿದ ಪ್ರಶ್ನೆ ನಿಜವಾದದ್ದು.

ಅಷ್ಟೇ ಅಲ್ಲ, ಹೊಸ ರೂಪವೆಂದರೆ ತಾನೇ ತಾನಾಗಿ ಒಳ್ಳೆಯ ರಾಜಕಾರಣ ಎಂದು ಭಾವಿಸುವುದೂ ತಪ್ಪು. ಇಟಲಿಯ ಕವಿ ಮರಿನೆಟ್ಟಿ 1914ರಲ್ಲಿ ಪ್ರಕಟಿಸಿದ ‘ಝಾಂಗ್ ತುಂಬ್ ತುಂಬ್’ ಮುದ್ರಣದ ಸಾಲುಗಳನ್ನು ಒಡೆದು, ಅಕ್ಷರಗಳನ್ನು ಸಿಡಿಗುಂಡಿನ ಚೂರುಗಳಂತೆ ಪುಟದ ತುಂಬ ಎರಚಿದ ಕೃತಿ. ಈಗ ಟರ್ಕಿಯಲ್ಲಿರುವ ಎದಿರ್ನೆಯ ಮುತ್ತಿಗೆಯನ್ನು ಅವರು ಪತ್ರಕರ್ತರಾಗಿ ಕಂಡಿದ್ದರು, ಮತ್ತು ಆ ಪುಟಗಳು ಯುದ್ಧದ ಸದ್ದನ್ನು ಹಬ್ಬದಂತೆ ಸಂಭ್ರಮಿಸುತ್ತವೆ. 1919ರಲ್ಲಿ ಇಟಲಿಯ ಫ್ಯಾಸಿಸ್ಟ್ ಪ್ರಣಾಳಿಕೆ ಬರೆಯುವುದರಲ್ಲೂ ಅವರ ಕೈಯಿತ್ತು. ಪುಟವನ್ನು ಒಡೆಯುವವರೆಲ್ಲ ಅಧಿಕಾರವನ್ನು ಒಡೆಯುವವರಲ್ಲ. ಮರಿನೆಟ್ಟಿಯ ಪುಟದಲ್ಲಿ ಓದುಗನಿಗೆ ಕೆಲಸವಿಲ್ಲ. ಅವನು ಆಸ್ಫೋಟಕ್ಕೆ ಬೆರಗಾಗಿ ನಿಲ್ಲಬೇಕು, ಅಷ್ಟೆ. ‘ಲುಶೊ’ ಕವಿತೆಯಲ್ಲಿ ಓದುಗ ಹೆಜ್ಜೆ ಇಡಬೇಕು. ನನಗೆ ಮುಖ್ಯವಾಗಿ ಕಾಣುವ ಅಂತರ ಇದು.

ಬ್ರೆಜಿಲಿಗೆ ಮರಳೋಣ. 1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಮತ್ತು ಆ ಆಳ್ವಿಕೆ 1985ರವರೆಗೆ ನಡೆಯಿತು. ದಂಗೆಯಾದ ವರ್ಷದ ಕೊನೆಯಲ್ಲೇ ಅವ್ಗುಸ್ತೊ ಒಂದು ಕೃತಿಯನ್ನು ಪ್ರದರ್ಶಿಸಿದರು. ‘ಕಣ್ಣಿಗೆ ಕಣ್ಣು’ ಎಂಬ ಅರ್ಥದ ಹೆಸರಿನ ಆ ಕೃತಿಯಲ್ಲಿ ಒಂದು ಪದವೂ ಇಲ್ಲ. ಪತ್ರಿಕೆಗಳಿಂದ ಕತ್ತರಿಸಿದ ನೂರಾರು ಕಣ್ಣುಗಳು ಸಾಲುಸಾಲಾಗಿ ಗೋಪುರದಂತೆ ಏರುತ್ತವೆ, ತುದಿಯಲ್ಲಿ ಸಂಚಾರ ಫಲಕಗಳಿವೆ. ಯಾರು ಯಾರನ್ನು ನೋಡುತ್ತಿದ್ದಾರೆ, ಯಾರಿಗೆ ಎಲ್ಲಿ ದಾರಿ ಮುಚ್ಚಿದೆ ಎಂಬುದನ್ನು ಆ ಡಿಸೆಂಬರಿನಲ್ಲಿ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

1968ರ ಡಿಸೆಂಬರ್ 13ರಂದು ಹೊರಬಿದ್ದ ಸೈನಿಕ ಸರ್ಕಾರದ ಐದನೆಯ ಸಾಂಸ್ಥಿಕ ಆಜ್ಞೆ ಸಂಸತ್ತನ್ನು ಮುಚ್ಚಿಸಿತು, ರಾಜಕೀಯ ಅಪರಾಧಗಳಿಗೆ ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕನ್ನು, ಅಮಾನತಿನಲ್ಲಿಟ್ಟಿತು, ಸೆನ್ಸಾರನ್ನು ಬಿಗಿಗೊಳಿಸಿತು. ಮರುದಿನ ‘ಜೊರ್ನಾಲ್ ದೊ ಬ್ರೆಜಿಲ್’ ಪತ್ರಿಕೆಯ ಮುಖಪುಟದ ಮೂಲೆಯ ಹವಾಮಾನ ವರದಿಯಲ್ಲಿ, ಕಗ್ಗತ್ತಲ ಹವೆಯಿದೆ, ಗಾಳಿ ಉಸಿರಾಡಲು ಯೋಗ್ಯವಲ್ಲ ಎಂಬ ಅರ್ಥದ ಸಾಲುಗಳಿದ್ದವು. 1973ರಿಂದ 1975ರವರೆಗೆ ‘ಒ ಎಸ್ತಾದೊ ದಿ ಸಾವೊ ಪಾವ್ಲೊ’ ಪತ್ರಿಕೆ ಸೆನ್ಸಾರ್ ಕತ್ತರಿಸಿದ ಸುದ್ದಿಗಳ ಜಾಗದಲ್ಲಿ 16ನೆಯ ಶತಮಾನದ ಕವಿ ಕಮೊಯೆಂಶನ ಮಹಾಕಾವ್ಯದ ಪದ್ಯಗಳನ್ನು ಅಚ್ಚುಹಾಕಿತು. ಅದೇ ಸಂಸ್ಥೆಯ ಸಂಜೆ ಪತ್ರಿಕೆ ಅಡುಗೆಯ ವಿಧಾನಗಳನ್ನು ಹಾಕಿತು. ಶಾಲೆಯಲ್ಲಿ ಕಂಠಪಾಠ ಮಾಡಿದ ಪದ್ಯ ರಾಜಕೀಯ ಪುಟದ ನಡುವೆ ಕಂಡೊಡನೆ ಓದುಗರಿಗೆ ಇಲ್ಲೊಂದು ಸುದ್ದಿ ಸತ್ತಿದೆ ಎಂದು ಗೊತ್ತಾಗುತ್ತಿತ್ತು. ಪದ್ಯದ ಅರ್ಥ ಎಳ್ಳಷ್ಟೂ ಬದಲಾಗಿರಲಿಲ್ಲ. ಅದು ನಿಂತ ಜಾಗ ಬದಲಾಗಿತ್ತು. ನಮ್ಮ ತುರ್ತುಪರಿಸ್ಥಿತಿಯ ಆರಂಭದಲ್ಲಿ, 1975ರ ಜೂನ್ 28ರಂದು, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟದ್ದನ್ನು ಹಿರಿಯ ಓದುಗರು ಮರೆತಿರಲಾರರು. ಈ ಪತ್ರಕರ್ತರು ಯಾರೂ ಚಿತ್ರಕವಿತೆ ಬರೆಯಲು ಹೊರಟವರಲ್ಲ. ಆದರೆ ಚಿತ್ರಕವಿತೆ ಕೆಲಸ ಮಾಡುವ ಬಗೆಯನ್ನು ಪಾಠ ಹೇಳಬೇಕಾದರೆ ನಾನು ಈ ಪುಟಗಳಿಂದಲೇ ಆರಂಭಿಸುತ್ತೇನೆ.

ಇದೇ ಕತ್ತಲಿನಲ್ಲಿ ಕಲಾವಿದ ಸಿಲ್ದೊ ಮೈರೆಲೆಸ್ 1970ರಲ್ಲಿ ಇನ್ನೊಂದು ದಾರಿ ಕಂಡುಕೊಂಡರು. ಆಗ ಕೋಕ ಕೋಲ ಗಾಜಿನ ಸೀಸೆಗಳಲ್ಲಿ ಬರುತ್ತಿತ್ತು. ಖಾಲಿ ಸೀಸೆಯನ್ನು ಅಂಗಡಿಗೆ ಮರಳಿಸಿದರೆ ಅದು ಕಾರ್ಖಾನೆಗೆ ಹೋಗಿ ಮತ್ತೆ ತುಂಬಿಕೊಂಡು ಬರುತ್ತಿತ್ತು. ಮೈರೆಲೆಸ್ ಖಾಲಿ ಸೀಸೆಗಳ ಮೈಮೇಲೆ, ಕಂಪನಿಯ ಅಕ್ಷರಗಳಂಥದೇ ಬಿಳಿ ಬಣ್ಣದಲ್ಲಿ, ಅಮೆರಿಕದವರೇ ಮನೆಗೆ ಹೋಗಿ ಎಂಬಂಥ ಮಾತುಗಳನ್ನು ಅಚ್ಚುಹಾಕಿ ಅವನ್ನು ಮರಳಿಸಿದರು. ಬರಿದಾದ ಸೀಸೆಯಲ್ಲಿ ಬಿಳಿ ಅಕ್ಷರ ಕಣ್ಣಿಗೆ ಬೀಳುವುದು ಕಷ್ಟ. ಕಪ್ಪು ಪೇಯ ತುಂಬಿದಾಗ ಅದು ಎದ್ದು ಕಾಣುತ್ತದೆ. ಅಂದರೆ ಆ ಬರಹವನ್ನು ಓದುವಂತೆ ಮಾಡುವ ಕೆಲಸವನ್ನು ಕಾರ್ಖಾನೆಯೇ ಮಾಡಿಕೊಡಬೇಕು. ಪಿನ್ಯತಾರಿ ಪುಟದೊಳಗೆ ಬಿಚ್ಚಿಟ್ಟ ಜಾಹೀರಾತನ್ನು ಮೈರೆಲೆಸ್ ಜಾಹೀರಾತು ಓಡಾಡುವ ದಾರಿಗೇ ಬಿಟ್ಟರು.

ಐದು ವರ್ಷಗಳ ಬಳಿಕ ಈ ಉಪಾಯಕ್ಕೆ ಭೀಕರವಾದ ಸಂದರ್ಭ ಒದಗಿತು. ವ್ಲಾದಿಮಿರ್ ಹೆರ್ಜೊಗ್ ಎಂಬ ಟಿವಿ ಪತ್ರಕರ್ತ 1975ರ ಅಕ್ಟೋಬರ್ 25ರಂದು ಸಾವೊ ಪಾವ್ಲೊದ ಸೈನಿಕ ವಿಚಾರಣಾ ಕೇಂದ್ರಕ್ಕೆ ತಾನಾಗಿಯೇ ಹಾಜರಾದರು, ಮತ್ತು ಅಂದೇ ಅಲ್ಲಿ ಸತ್ತರು. ಸೈನ್ಯ ಅದನ್ನು ಆತ್ಮಹತ್ಯೆ ಎಂದಿತು. ಮೈರೆಲೆಸ್ ‘ಹೆರ್ಜೊಗ್‌ನನ್ನು ಕೊಂದವರು ಯಾರು?’ ಎಂಬ ಸಾಲಿನ ರಬ್ಬರ್ ಮುದ್ರೆ ಮಾಡಿಸಿ, ಕಡಿಮೆ ಬೆಲೆಯ ನೋಟುಗಳ ಮೇಲೆ ಒತ್ತಿ ಚಲಾವಣೆಗೆ ಬಿಟ್ಟರು. ಕರಪತ್ರವನ್ನು ಹರಿದುಹಾಕಬಹುದು, ಆದರೆ ನೋಟನ್ನು ಯಾರೂ ಹರಿಯುವುದಿಲ್ಲ; ಕೈಯಲ್ಲಿ ಹಿಡಿದವನು ಅದನ್ನು ಬೇಗ ಇನ್ನೊಬ್ಬರಿಗೆ ದಾಟಿಸುತ್ತಾನೆ, ದಾಟಿಸಿದಷ್ಟೂ ಪ್ರಶ್ನೆ ಮುಂದೆ ಹೋಗುತ್ತದೆ. ಬರೆದವನ ಹೆಸರಿಲ್ಲ. ಸರ್ಕಾರದ ಅಧಿಕೃತ ಮುದ್ರಣದ ಮೇಲೆಯೇ ಸರ್ಕಾರಕ್ಕೆ ಹಾಕಿದ ಪ್ರಶ್ನೆ ಕುಳಿತಿದೆ. 2013ರಲ್ಲಿ ನ್ಯಾಯಾಲಯದ ಆದೇಶದ ಮೇರೆಗೆ ಹೆರ್ಜೊಗ್ ಅವರ ಮರಣಪತ್ರ ತಿದ್ದಲ್ಪಟ್ಟು, ಸೈನ್ಯದ ವಶದಲ್ಲಿ ಅನುಭವಿಸಿದ ಹಿಂಸೆಯಿಂದಾದ ಸಾವು ಎಂದು ದಾಖಲಾಯಿತು. ನೋಟಿನ ಮೇಲಿನ ಪ್ರಶ್ನೆಗೆ ಸರ್ಕಾರಿ ಕಾಗದದ ಮೇಲೆ ಉತ್ತರ ಬರೆಯಲು ಸುಮಾರು 38 ವರ್ಷ ಹಿಡಿಯಿತು.

ಈಗ ಗೋಡೆಬರಹದ ಪ್ರಶ್ನೆ. ಸಾಮಾನ್ಯ ಘೋಷಣೆ ತನ್ನ ಮಾತನ್ನು ಪೂರ್ತಿ ಹೇಳಿ ಮುಗಿಸಿರುತ್ತದೆ. ಅದನ್ನು ಬೇರೆ ಗೋಡೆಗೆ, ಬೇರೆ ಬಣ್ಣಕ್ಕೆ, ಮೈಕಿಗೆ ವರ್ಗಾಯಿಸಿದರೂ ಅರ್ಥ ಕುಂದುವುದಿಲ್ಲ. ಚಿತ್ರಕವಿತೆಯನ್ನು ಹಾಗೆ ವರ್ಗಾಯಿಸಿದರೆ ಅದು ಸತ್ತುಹೋಗುತ್ತದೆ. ನೀವು ನೋಡಿದ ಕೃತಿಗಳನ್ನು ಇದೇ ರೀತಿ ಪರೀಕ್ಷಿಸಿ: ಅದರ ಸಾಲನ್ನು ಬಿಳಿ ಹಾಳೆಯ ಮೇಲೆ ಸಾದಾ ಅಕ್ಷರದಲ್ಲಿ ಬೆರಳಚ್ಚು ಮಾಡಿದಾಗ ಏನೂ ಕಳೆದುಹೋಗದಿದ್ದರೆ, ಕ್ಯಾನ್ವಾಸಿಗೆ ಅಲ್ಲಿ ಕೆಲಸವಿರಲಿಲ್ಲ ಎಂದೇ ಅರ್ಥ. ಅಂಥ ಕೃತಿಗಳು ಬಹಳ ಇವೆ, ಮತ್ತು ಅವುಗಳ ಬಗೆಗಿನ ನಿಮ್ಮ ಅಸಮಾಧಾನ ನ್ಯಾಯವಾದದ್ದೇ.

ಆದರೆ ಈ ಎರಡರ ನಡುವಿನ ಗೆರೆ ಅಳಿಸಿಹೋಗುವ ಜಾಗವೂ ಇದೆ. ಚಿಲಿ ದೇಶದಲ್ಲಿ 1973ರ ಸೈನಿಕ ದಂಗೆಯ ನಂತರ, 1979ರಲ್ಲಿ, ಲೊತ್ತಿ ರೊಸೆನ್‌ಫೆಲ್ಡ್ ಎಂಬ ಕಲಾವಿದೆ ಸಾಂತಿಯಾಗೊ ನಗರದ ರಸ್ತೆಯ ನಡುವಿನ ತುಂಡು ಬಿಳಿ ಗೆರೆಗಳಿಗೆ ಅಡ್ಡಲಾಗಿ ಬಿಳಿ ಬಟ್ಟೆಯ ಪಟ್ಟಿಗಳನ್ನು ಅಂಟಿಸುತ್ತ ಹೋದರು. ಸಂಚಾರದ ಆಜ್ಞೆಯಾಗಿದ್ದ ಪ್ರತಿ ಗೆರೆಯೂ ಕೂಡಿಸುವ ಚಿಹ್ನೆಯಾಯಿತು. ಜನ ಕಾಣೆಯಾಗುತ್ತಿದ್ದ ಆ ನಗರದಲ್ಲಿ ಅದು ಗೋರಿಯ ಶಿಲುಬೆಯೂ ಆಗಿತ್ತು. 1983ರಲ್ಲಿ, ದಂಗೆಗೆ ಹತ್ತು ವರ್ಷ ತುಂಬಿದಾಗ, ಅವರೂ ಕವಿ ರಾವುಲ್ ಸುರಿತಾ, ಲೇಖಕಿ ದಿಯಮೆಲಾ ಎಲ್ತಿತ್ ಮೊದಲಾದವರೂ ಇದ್ದ ‘ಕಾದಾ’ ಎಂಬ ಗುಂಪು ರಾತ್ರಿಯ ಹೊತ್ತು ನಗರದ ಗೋಡೆಗಳ ಮೇಲೆ ‘ನೊ’ ಎಂಬ ಪದವನ್ನೂ ಅದರ ಮುಂದೆ ಒಂದು ಕೂಡಿಸುವ ಚಿಹ್ನೆಯನ್ನೂ ಬರೆಯಿತು. ಸ್ಪ್ಯಾನಿಷಿನಲ್ಲಿ ಆ ಚಿಹ್ನೆಯನ್ನು ‘ಮಾಸ್’ ಎಂದು ಓದುತ್ತಾರೆ. ‘ನೊ ಮಾಸ್’ ಎಂದರೆ ಇನ್ನು ಸಾಕು, ಇನ್ನು ಬೇಡ. ಏನು ಬೇಡ ಎಂಬುದನ್ನು ಗುಂಪು ಬರೆಯಲಿಲ್ಲ. ಆ ಖಾಲಿ ಜಾಗವನ್ನು ಹೆಸರಿಲ್ಲದ ಜನ ತುಂಬಿದರು: ಸಾವು ಬೇಡ, ಚಿತ್ರಹಿಂಸೆ ಬೇಡ, ಕಾಣೆಯಾಗುವವರು ಬೇಡ. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಸುಮಾರು 56 ಶೇಕಡಾ ಮತದಾರರು ಸೈನಿಕ ಸರ್ವಾಧಿಕಾರಿ ಪಿನೊಚೆಯ ಆಳ್ವಿಕೆಗೆ ‘ನೊ’ ಎನ್ನುವ ಹೊತ್ತಿಗೆ ಆ ಪದಕ್ಕೂ ಚಿಹ್ನೆಗೂ ಕರ್ತೃ ಯಾರೆಂದು ಕೇಳುವವರಿರಲಿಲ್ಲ. ಕವಿತೆ ಇಲ್ಲಿ ಅರ್ಧದಲ್ಲಿ ನಿಂತು ಜಾಗ ಬಿಟ್ಟುಕೊಟ್ಟಿತು, ಗೋಡೆಬರಹ ಅದನ್ನು ಮುಂದುವರಿಸಿತು.

ಇದೇ ಸುರಿತಾ ದಂಗೆಯ ದಿನ ಬೆಳಿಗ್ಗೆ ವಾಲ್ಪರೈಸೊದಲ್ಲಿ ಬಂಧಿತರಾಗಿ ಹಡಗೊಂದರ ತಳದಲ್ಲಿ ಸೆರೆಯಿದ್ದವರು. 1982ರಲ್ಲಿ ಅವರು ನ್ಯೂಯಾರ್ಕಿನ ಆಕಾಶದಲ್ಲಿ ವಿಮಾನಗಳ ಬಿಳಿ ಹೊಗೆಯಿಂದ 15 ಸಾಲುಗಳ ಸ್ಪ್ಯಾನಿಷ್ ಕವಿತೆ ಬರೆಸಿದರು. ಒಂದೊಂದು ಸಾಲೂ ನೋಡುತ್ತಿರುವಂತೆಯೇ ಕರಗಿತು. 1993ರಲ್ಲಿ, ಪ್ರಜಾಪ್ರಭುತ್ವ ಮರಳಿದ ಮೇಲೆ, ಅಟಕಾಮಾ ಮರುಭೂಮಿಯ ನೆಲವನ್ನು ಯಂತ್ರಗಳಿಂದ ಕೊರೆಸಿ ‘ದುಃಖವೂ ಬೇಡ, ಭಯವೂ ಬೇಡ’ ಎಂಬ ಅರ್ಥದ ನಾಲ್ಕು ಪದಗಳನ್ನು ಮೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಬರೆಸಿದರು. ನೆಲದ ಮೇಲೆ ನಿಂತವರಿಗೆ ಅದು ಬರೀ ಹಳ್ಳ. ಮೇಲಿನಿಂದ ನೋಡಿದರೆ ಮಾತ್ರ ಬರಹ. ಚಿಲಿಯ ಸೈನ್ಯ ತಾನು ಕೊಂದವರಲ್ಲಿ ಹಲವರ ದೇಹಗಳನ್ನು ಇದೇ ಮರುಭೂಮಿಯಲ್ಲಿ ಹೂತಿತ್ತು ಎಂಬುದನ್ನು ಬಲ್ಲವರಿಗೆ, ನೆಲವನ್ನು ಅಗೆದು ಅಕ್ಷರ ಮಾಡುವ ಈ ಕೆಲಸವನ್ನು ಕಾಗದದ ಮೇಲಿನ ಸಾಲಿನಂತೆ ಓದಿ ಮುಂದೆ ಹೋಗಲು ಆಗುವುದಿಲ್ಲ.

ಕೊನೆಯದಾಗಿ ಮ್ಯೂಸಿಯಮ್ಮಿನ ವಿಚಾರ. ಮೈರೆಲೆಸ್ ಅವರ ಸೀಸೆಗಳು ಇಂದು ಗಾಜಿನ ಪೆಟ್ಟಿಗೆಯೊಳಗೆ ನಿಂತಿವೆ; ಅಲ್ಲಿಂದ ಅವು ಯಾವ ಕಾರ್ಖಾನೆಗೂ ಹೋಗುವುದಿಲ್ಲ. ಓಡಾಟವೇ ಕವಿತೆಯಾಗಿದ್ದಾಗ ನಿಲುಗಡೆ ದೊಡ್ಡ ನಷ್ಟ, ಇದನ್ನು ಒಪ್ಪಲೇಬೇಕು. ಆದರೆ ಆ ನಷ್ಟವನ್ನೇ ಕೃತಿಯೊಳಕ್ಕೆ ತಂದುಕೊಂಡ ಒಬ್ಬ ಕಲಾವಿದರಿದ್ದಾರೆ, ಅವರು ಅಮೆರಿಕದ ಗ್ಲೆನ್ ಲೈಗನ್. 1968ರ ಫೆಬ್ರವರಿಯಲ್ಲಿ ಮೆಂಫಿಸ್ ನಗರದಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತ ಮೇಲೆ, ಸುಮಾರು 1,300 ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು. ಅವರನ್ನು ಬೆಂಬಲಿಸಲು ಆ ಊರಿಗೆ ಹೋಗಿದ್ದಾಗಲೇ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಮುಷ್ಕರ ನಿರತರ ಕೈಯಲ್ಲಿದ್ದ ಫಲಕಗಳಲ್ಲಿ ಇದ್ದದ್ದು ‘ನಾನೊಬ್ಬ ಮನುಷ್ಯ’ ಎಂಬ ಒಂದೇ ಮಾತು. ಲೈಗನ್ 1988ರಲ್ಲಿ ಆ ಫಲಕವನ್ನು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ, ಎನಾಮೆಲುಗಳಲ್ಲಿ ಬರೆದರು. ಕಾಲ ಕಳೆದಂತೆ ಬಣ್ಣ ಬಿರುಕು ಬಿಟ್ಟಿತು. 2000ದಲ್ಲಿ ಅವರು ಆ ಚಿತ್ರದ ಎರಡು ಮುದ್ರಿತ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಹೊಸ ಕೃತಿ ಮಾಡಿದರು: ಎಡಗಡೆ ಚಿತ್ರ ಇದ್ದಂತೆಯೇ ಇದೆ, ಬಲಗಡೆಯ ಪ್ರತಿಯ ಮೇಲೆ ಕಲಾಕೃತಿ ಸಂರಕ್ಷಣೆಯ ತಜ್ಞರೊಬ್ಬರು, ಮ್ಯೂಸಿಯಂನವರು ಕೃತಿಯ ಸ್ಥಿತಿಗತಿಯ ವರದಿಯಲ್ಲಿ ಮಾಡುವಂತೆ, ಎಲ್ಲೆಲ್ಲಿ ಬಿರುಕಿದೆ, ಎಲ್ಲೆಲ್ಲಿ ಕಲೆಯಾಗಿದೆ, ಎಲ್ಲೆಲ್ಲಿ ಬೆರಳಿನ ಗುರುತಿದೆ ಎಂದು ಗೆರೆ ಎಳೆದು ಪುಟ್ಟ ಅಕ್ಷರಗಳಲ್ಲಿ ಟಿಪ್ಪಣಿ ಬರೆದಿದ್ದಾರೆ. ನಿಮ್ಮ ವಿದ್ಯಾರ್ಥಿಗಳಿಗೆ ಈ ಎರಡು ಪ್ರತಿಗಳನ್ನು ತೋರಿಸುವುದಾದರೆ, ಮೊದಲು ದೊಡ್ಡ ಅಕ್ಷರಗಳನ್ನೂ ಆಮೇಲೆ ಅಂಚಿನ ಸಣ್ಣ ಅಕ್ಷರಗಳನ್ನೂ ಗಟ್ಟಿಯಾಗಿ ಓದಿಸಿ.